ಟ್ವೀಟರ್‌ಗೆ ಫ್ಯಾನ್ ಕಂಡೆನ್ಸರ್
ಹಳೇ ಸ್ಪೀಕರಿನಲ್ಲಿ ಟ್ವೀಟರ್‌ಗೆ (ತಾರಕದ ಸದ್ದು ನುಡಿಸುವ ಚಿಕ್ಕ ಸ್ಪೀಕರ್) ಹೋಗುವ 4.7 ಮೈಕ್ರೊಫ್ಯಾರಡ್ ಕೆಪಾಸಿಟರ್ ಬದಲಿಸಬೇಕಾದರೆ, ಸೀಲಿಂಗ್ ಫ್ಯಾನಿನ ಕಂಡೆನ್ಸರ್ (ಅದೂ ಕೆಪಾಸಿಟರೇ) 2.5ರದ್ದು ಒಂದು, 2.25ರದ್ದು ಒಂದು ತಗೊಂಡು ಪ್ಯಾರಲಲ್ ಆಗಿ ಬೆಸುಗೆ ಹಾಕಿ. 4.75 ಆಗುತ್ತೆ, ಅಷ್ಟು ಸಾಕು. 6.8 ಬೇಕಿದ್ದರೆ 2.25ರದ್ದೇ ಮೂರು. ಮಂಡ್ಯದಲ್ಲಿರೋರು ಇದಕ್ಕಾಗಿ ಮೈಸೂರಿಗೆ ಬರಬೇಕಿಲ್ಲ, ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಫ್ಯಾನ್ ಕಂಡೆನ್ಸರ್ ಅಂತ ಕೇಳಿ. ಒಳಗಿರೋದು ಪಾಲಿಪ್ರೊಪಿಲೀನ್ ಫಿಲ್ಮ್. ಎಸಿ ಕರೆಂಟಿಗೆಂದೇ ಮಾಡಿದ್ದು, ಪ್ಲಸ್-ಮೈನಸ್ ಇಲ್ಲ, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಥರ ವರ್ಷ ಕಳೆದಂತೆ ಒಣಗೋದೂ ಇಲ್ಲ. ಆಮೇಲೆ ಕಿವಿಗೆ ತಕ್ಕಂತೆ ತಿದ್ದಲು 0.47ರ ಫಿಲ್ಮ್ ಒಂದನ್ನು ಪಕ್ಕಕ್ಕೆ ಸೇರಿಸಿ ನೋಡಿ: ಒಂದೇ ಕೆಪಾಸಿಟರಿನ ಕ್ರಾಸ್‌ಓವರ್ (ಸದ್ದನ್ನು ಸ್ಪೀಕರುಗಳಿಗೆ ಹಂಚುವ ಭಾಗ), 8 ಓಮ್ ಟ್ವೀಟರ್ ಆದರೆ, ಟ್ವೀಟರ್ ನುಡಿಯತೊಡಗುವ ಮಟ್ಟ ಲೆಕ್ಕದಲ್ಲಿ 4,200 ಹರ್ಟ್ಸ್ ಆಸುಪಾಸಿನಿಂದ 3,800ಕ್ಕೆ ಇಳಿಯುತ್ತೆ. ಚೌಡಯ್ಯನವರ ಪಿಟೀಲು ಹಾಕಿ, ಕಮಾನು ತಂತಿಯನ್ನು ಉಜ್ಜುವ ಸದ್ದು ಗಮನಿಸಿದರೆ ವ್ಯತ್ಯಾಸ ಗೊತ್ತಾಗುತ್ತೆ. ಇನ್ನೂ ಹೆಚ್ಚು ಸೇರಿಸಬೇಡಿ, ಕೆಳಗಿನ ಸ್ವರಗಳೂ ನುಗ್ಗಿ ಟ್ವೀಟರ್ ಸುಟ್ಟೀತು. ಮೊದಲಿದ್ದದ್ದು ಎಲೆಕ್ಟ್ರೋಲಿಟಿಕ್ ಆದರೆ ಹೊಸದರಲ್ಲಿ ಸದ್ದು ಚುಚ್ಚಬಹುದು, ಹಳೆಯದರೊಳಗಿದ್ದ ಸಣ್ಣ ರೆಸಿಸ್ಟೆನ್ಸ್ ಈಗಿಲ್ಲ. ಅರ್ಧ ಓಮ್, 5 ವ್ಯಾಟಿನ ರೆಸಿಸ್ಟರ್ ಒಂದನ್ನು ಸೀರೀಸಿನಲ್ಲಿ ಹಾಕಿ. ಕಾಯಿಲ್ ಕೂಡ ಇರೋ ಕ್ರಾಸ್‌ಓವರ್‌ನಲ್ಲಿ ಮಾತ್ರ ಈ ತಿದ್ದುವ ಕೆಲಸ ಬೇಡ, ಮೊದಲಿದ್ದಷ್ಟೇ ಮೈಕ್ರೊಫ್ಯಾರಡ್ ಉಳಿಸಿಕೊಳ್ಳಿ. ಕೆಟ್ಟ ಫ್ಯಾನಿನಿಂದ ಕಿತ್ತ ಕಂಡೆನ್ಸರ್ ದಯವಿಟ್ಟು ಬೇಡ, ಅವುಗಳ ಮೈಕ್ರೊಫ್ಯಾರಡ್ ಎಷ್ಟೋ ಸಲ ಅರ್ಧಕ್ಕೆ ಇಳಿದಿರುತ್ತೆ.