ಕಾಲುವೆಗೆ ಮೋಟಾರು ಇಟ್ಟವನೇ ನನ್ನ ಖಳನಾಯಕ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ನನ್ನ ಮೇಜಿನ ಮೇಲೆ ಹದಿನಾಲ್ಕು ಪುಟ ಬರೆದಿಟ್ಟ ಕಾಮಿಕ್ಸ್ ಇತ್ತು. ಅದರಲ್ಲೂ ಒಂದು ಅಣೆಕಟ್ಟು ಒಡೆಯುತ್ತಿತ್ತು. ಒಡೆಯುವವನು ಕಪ್ಪು ನಿಲುವಂಗಿ ತೊಟ್ಟು, ಒಂದು ಕಣ್ಣಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡಿದ್ದ. ಸರ್ಕಾರ ಸಾವಿರ ಕೋಟಿ ಕೊಡದಿದ್ದರೆ ಮೂರು ಜಿಲ್ಲೆ ಮುಳುಗಿಸುತ್ತೇನೆ ಎಂದು ನಗುತ್ತಿದ್ದ.

ಬೆಳಿಗ್ಗೆ ಗಂಗಾವತಿಯ ಚಹಾದಂಗಡಿಯಲ್ಲಿ ಎಲ್ಲರ ಮೊಬೈಲಿನಲ್ಲೂ ಅದೇ ನೀರು. ಆ ಗೇಟನ್ನು ಯಾರೂ ಒಡೆದಿರಲಿಲ್ಲ. ಚೈನ್ ತುಂಡಾಗಿತ್ತು. ಎಪ್ಪತ್ತು ವರ್ಷ ಹಳೆಯ ಅಣೆಕಟ್ಟು, 33 ಗೇಟು, ಅದರಲ್ಲಿ ಒಂದರ ಚೈನ್. ಅಂಗಡಿಯಲ್ಲಿದ್ದವರು ಮಾತ್ರ ಯಾರ ತಪ್ಪು, ಯಾವ ಪಕ್ಷದ ತಪ್ಪು ಎಂದು ಕೂಗಾಡುತ್ತಿದ್ದರು. ಎರಡನೇ ಬೆಳೆ ಹೋಯಿತಲ್ಲ ಎಂಬ ಭಯಕ್ಕೆ ಬೈಯಲು ಒಂದು ಮುಖ ಬೇಕಾಗಿತ್ತು. ಒಂದು ವಾರದಲ್ಲಿ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗಕ್ಕೆ ತಾತ್ಕಾಲಿಕ ಉಕ್ಕಿನ ತಡೆ, ಇಳಿಸಿದರು. ಆ ವಾರ ನಾನು ಪೆನ್ಸಿಲ್ ಮುಟ್ಟಲಿಲ್ಲ. ಹದಿನಾಲ್ಕು ಪುಟವನ್ನೂ ಕವರಿನಲ್ಲಿ ಹಾಕಿ ಬೀರುವಿನ ಮೇಲಿಟ್ಟೆ. ನನ್ನ ಖಳನಾಯಕ ಸುಳ್ಳು ಎನ್ನುವುದು ಗೊತ್ತಾಗಿತ್ತು. ನಿಜವಾದವನು ಯಾರು ಎನ್ನುವುದು ಇನ್ನೂ ಗೊತ್ತಾಗಿರಲಿಲ್ಲ.

ನಾನು ಬೋರ್ಡ್ ಬರೆಯುವವನು. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡು ಕಡಿಮೆಯಾಗಿ ಈಗ ಹೆಚ್ಚಿನ ಕೆಲಸ ಶಾಲೆಯ ಗೋಡೆ, ಟ್ರ್ಯಾಕ್ಟರಿನ ಟ್ರೈಲರ್, ಗುಡಿಯ ಕಮಾನು. ಕಾಮಿಕ್ಸ್ ಹುಚ್ಚು ಹತ್ತಿದ್ದು ಚಿಕ್ಕವನಿದ್ದಾಗ, ರದ್ದಿ ಅಂಗಡಿಯ ಇಂದ್ರಜಾಲ ಕಾಮಿಕ್ಸ್‌ನಿಂದ. ಖಳನಾಯಕನೆಂದರೆ ರಾಜಕೀಯ ಎನ್ನುವುದಕ್ಕೆ ಮೊದಲ ಸಾಕ್ಷಿಯೂ ಅಲ್ಲೇ ಇತ್ತು, ತಿಳಿದದ್ದು ಬಹಳ ತಡವಾಗಿ. ಕಾಡಿನ ಮುಸುಕುಧಾರಿ ನಾಯಕ ಫ್ಯಾಂಟಮ್‌ನ ತಂದೆಯನ್ನು ಬೆನ್ನಿಗೆ ಇರಿದು ಕೊಂದವನ ಹೆಸರು ಮೂಲದಲ್ಲಿ ರಾಮ. ಇಂದ್ರಜಾಲದವರು ಅದನ್ನು ರಾಮಾಲು ಮಾಡಿದರು. ಸಿಂಗ್ ಎಂಬ ಕಡಲ್ಗಳ್ಳರು ಸಿಂಗ ಆದರು. ನಮ್ಮ ಓದುಗರಿಗೆ ನೋವಾಗಬಾರದೆಂದು ಹೆಸರು ಬದಲಿಸಿದ್ದು ಸರಿಯೇ. ಆದರೆ ಪರದೇಶದ ಆ ಕಥೆಗಾರನಿಗೆ ಕೊಲೆಗಾರನೊಬ್ಬ ಬೇಕಾದಾಗ ಕೈಗೆ ಸಿಕ್ಕಿದ್ದು ನಮ್ಮ ಮನೆಮನೆಯ ಹೆಸರು ಅನ್ನುವುದು ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ.

ದೊಡ್ಡವನಾದ ಮೇಲೆ ಮೊಬೈಲಿನಲ್ಲಿ ಇಂಗ್ಲಿಷ್ ಕಾಮಿಕ್ಸ್ ಓದತೊಡಗಿದೆ. ಪ್ರೀತಿ ಹೆಚ್ಚಾದಷ್ಟೂ ಸಿಟ್ಟೂ ಹೆಚ್ಚಾಯಿತು. ನನ್ನ ಸಿಟ್ಟು ಒಂದೇ ವಿಷಯಕ್ಕೆ. ಖಳನಾಯಕ ಒಂದು ನ್ಯಾಯದ ಮಾತು ಎತ್ತುತ್ತಾನೆ. ಕಾಡು ಕಡಿದರು ಅನ್ನುತ್ತಾನೆ, ನಮ್ಮ ಜನರನ್ನು ನಾಯಿಗಿಂತ ಕಡೆ ಕಂಡರು ಅನ್ನುತ್ತಾನೆ. ಓದುವ ನನ್ನ ಎದೆಗೂ ಅದು ತಾಗುತ್ತದೆ. ಮುಂದಿನ ಪುಟದಲ್ಲಿ ಅವನ ಕೈಯಲ್ಲಿ ಒಂದು ಆಸ್ಪತ್ರೆಯನ್ನೋ ಶಾಲೆಯನ್ನೋ ಸ್ಫೋಟಿಸಿಬಿಡುತ್ತಾರೆ. ಅಲ್ಲಿಗೆ ನಾಯಕನ ಕೆಲಸ ಹಗುರ. ಉತ್ತರ ಕೊಡಬೇಕಾಗಿಲ್ಲ, ಗುದ್ದಿದರೆ ಸಾಕು.

ಎಕ್ಸ್-ಮೆನ್ ಎಂಬ ಸೂಪರ್‌ಹೀರೋ ತಂಡದ ಎದುರಾಳಿ ಮ್ಯಾಗ್ನೆಟೋನನ್ನೇ ನೋಡಿ. 1963ರಲ್ಲಿ ಎಕ್ಸ್-ಮೆನ್ ಮೊದಲ ಸಂಚಿಕೆಯಲ್ಲಿ ಬಂದಾಗ ಅವನು ಬರೀ ಅಬ್ಬರಿಸುವ ದುಷ್ಟ. 1981ರ 150ನೇ ಸಂಚಿಕೆಯಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಅವನಿಗೆ ಒಂದು ಬಾಲ್ಯ ಕೊಟ್ಟರು: ಆಶ್ವಿಟ್ಜ್ ನಾಜಿ ಶಿಬಿರದಲ್ಲಿ ಬೆಳೆದ ಹುಡುಗ. ಅದೇ ಸಂಚಿಕೆಯಲ್ಲಿ ಅವನ ಹೊಡೆತಕ್ಕೆ ಕಿಟ್ಟಿ ಪ್ರೈಡ್ ಎಂಬ ಯಹೂದಿ ಹುಡುಗಿ ಸಾಯುವಷ್ಟಾಗುತ್ತಾಳೆ. ಅವಳನ್ನು ಎತ್ತಿಕೊಂಡು ತಾನೇನು ಮಾಡಿದೆ ಎಂದು ಅವನೇ ನಿಂತುಬಿಡುತ್ತಾನೆ. ಖಳನನ್ನು ಹೀಗೂ ಬರೆಯಬಹುದೇ ಎಂದು ಅದನ್ನು ಓದಿ ನಾನು ಆ ರಾತ್ರಿ ಮಲಗಲಿಲ್ಲ. ಅದೇ ಮ್ಯಾಗ್ನೆಟೋ 2003–04ರ ಕಥೆಯಲ್ಲಿ ನ್ಯೂಯಾರ್ಕಿನ ಜನರನ್ನು ಸುಡುವ ಒಲೆಗಳಿಗೆ ಅಟ್ಟಿದ. ಓದುಗರಿಗೆ ತಡೆಯಲಾಗಲಿಲ್ಲ. ಆಮೇಲೆ ಪ್ರಕಾಶಕರು ಹೇಳಿದ್ದು: ಅವನು ಮ್ಯಾಗ್ನೆಟೋ ಅಲ್ಲ, ಬೇರೊಬ್ಬ ವೇಷಧಾರಿ.

ಈ ‘ಅವನಲ್ಲ’ ಎಂಬ ಮಾತೇ ನನಗೆ ಎಲ್ಲಕ್ಕಿಂತ ದೊಡ್ಡ ಮೋಸ. ಕ್ಯಾಪ್ಟನ್ ಅಮೆರಿಕಾನದೂ ಅದೇ ಕಥೆ. ಜೋ ಸೈಮನ್, ಜ್ಯಾಕ್ ಕರ್ಬಿ ಎಂಬ ಇಬ್ಬರು ಯಹೂದಿ ಹುಡುಗರು ಅವನನ್ನು ಹುಟ್ಟಿಸಿದಾಗ ಮೊದಲ ಸಂಚಿಕೆಯ ಮುಖಪುಟದಲ್ಲೇ ಅವನು ಹಿಟ್ಲರನ ದವಡೆಗೆ ಗುದ್ದುತ್ತಿದ್ದ. ಸಂಚಿಕೆಯ ಮೇಲಿನ ತಾರೀಖು 1941ರ ಮಾರ್ಚ್. ಅಮೆರಿಕ ಯುದ್ಧಕ್ಕೆ ಇಳಿದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಅಂಥವನನ್ನು 2016ರಲ್ಲಿ, ಬಾಲ್ಯದಿಂದಲೇ ಶತ್ರು ಸಂಘಟನೆ ಹೈಡ್ರಾದ ಆಳು ಎಂದು ತೋರಿಸಿದರು. 2017ರ ‘ಸೀಕ್ರೆಟ್ ಎಂಪೈರ್’ನಲ್ಲಿ ಅವನು ದೇಶವನ್ನೇ ಆಳಿದ. ಕೊನೆಗೆ ಕಾಸ್ಮಿಕ್ ಕ್ಯೂಬ್ ಎಂಬ ಒಂದು ಮಾಯಾಘನ ಅವನ ಚರಿತ್ರೆ ತಿರುಚಿತ್ತು ಎಂದು ಹೇಳಿ, ಅಸಲಿಯನ್ನು ಕರೆತಂದು ನಕಲಿಯನ್ನು ಹೊಡೆಸಿದರು. ಹಾಗಾದರೆ ಅವನು ಆಳುವಾಗ ಸಲಾಮು ಹೊಡೆದ ಜನರೆಲ್ಲ ಎಲ್ಲಿ ಹೋದರು? ಯಾರೂ ಉತ್ತರ ಕೊಡಲಿಲ್ಲ.

‘ಸೀಕ್ರೆಟ್ ಎಂಪೈರ್’ ಎಂಬ ಹೆಸರಿನಲ್ಲೇ 1974ರಲ್ಲಿ ಇನ್ನೊಂದು ಕಥೆ ಬಂದಿತ್ತು, ಅಮೆರಿಕದ ಅಧ್ಯಕ್ಷ ನಿಕ್ಸನ್ ಸಿಕ್ಕಿಬಿದ್ದ ವಾಟರ್‌ಗೇಟ್ ಹಗರಣದ ಕಾಲದಲ್ಲಿ. ಸ್ಟೀವ್ ಎಂಗಲ್‌ಹಾರ್ಟ್ ಬರೆದ ಅದರಲ್ಲಿ ಕ್ಯಾಪ್ಟನ್ ಅಮೆರಿಕಾ ಸಂಚಿನ ಮುಖ್ಯಸ್ಥನ ಬೆನ್ನು ಹತ್ತಿ ಶ್ವೇತಭವನದ ಒಳಗೇ ಹೋಗುತ್ತಾನೆ. ಮುಸುಕು ತೆಗೆದ ಆ ಮುಖವನ್ನು ಓದುಗರಿಗೆ ತೋರಿಸುವುದಿಲ್ಲ. ನಾಯಕ ನೋಡುತ್ತಾನೆ, ನೋಡಿದವನು ತನ್ನ ವೇಷವನ್ನೇ ಕಳಚಿಡುತ್ತಾನೆ. ಅಲ್ಲಿ ತಪ್ಪನ್ನು ಯಾವ ಮಾಯೆಯ ಮೇಲೂ ಹೊರಿಸಲಿಲ್ಲ. ನಾಯಕನೇ ಅದನ್ನು ತಲೆಯ ಮೇಲೆ ಹೊತ್ತುಕೊಂಡು ನಡೆದ.

ಖಳರು ಮೂಕರಾಗಿದ್ದಕ್ಕೆ ಕಾರಣವೂ ಉಂಟು. 1954ರಲ್ಲಿ ಅಮೆರಿಕದ ಪ್ರಕಾಶಕರೇ ತಮಗೆ ಹಾಕಿಕೊಂಡ ಕಾಮಿಕ್ಸ್ ಕೋಡ್ ಪ್ರಕಾರ ಅಪರಾಧಿಯ ಮೇಲೆ ಓದುಗರಿಗೆ ಮರುಕ ಹುಟ್ಟಬಾರದು. ಪೊಲೀಸರು, ನ್ಯಾಯಾಧೀಶರು, ಅಧಿಕಾರಿಗಳ ಮೇಲೆ ಅಗೌರವ ಬರುವಂತೆ ತೋರಿಸಬಾರದು. ಕೋಡ್ ಸತ್ತು ವರ್ಷಗಳಾದವು, ಅದು ಕಲಿಸಿದ ಚಾಳಿ ಉಳಿದಿದೆ. ನನ್ನ ಕೈಯಲ್ಲೂ ಇತ್ತು. ಇಲ್ಲದಿದ್ದರೆ ಆ ಕಬ್ಬಿಣದ ಕಣ್ಣಿನವನು ಎಲ್ಲಿಂದ ಬಂದ?

ಅವನ ಕೈಯಿಂದ ನನ್ನನ್ನು ಪಾರು ಮಾಡಿದ್ದು ನಮ್ಮ ಬಯಲಾಟ. ನಮ್ಮ ದೊಡ್ಡಪ್ಪ ಮೂವತ್ತು ವರ್ಷ ದೊಡ್ಡಾಟದಲ್ಲಿ ದುರ್ಯೋಧನನ ವೇಷ ಕಟ್ಟಿದವರು. ದೊಡ್ಡಾಟದಲ್ಲಿ ಯಾವ ಪಾತ್ರವೂ ಬಂದಕೂಡಲೇ ಗದೆ ಎತ್ತುವಂತಿಲ್ಲ. ಸಾರಥಿ ತಡೆದು ಕೇಳುತ್ತಾನೆ: ನೀವು ದಾರು, ನಿಮ್ಮ ಪಟ್ಟಣ ಯಾವುದು, ಈ ಸಭೆಗೆ ಬಂದ ಕಾರಣವೇನು? ಭೀಮನಿಗೂ ಅದೇ ಪ್ರಶ್ನೆ, ದುರ್ಯೋಧನನಿಗೂ ಅದೇ. ದೊಡ್ಡಪ್ಪ ‘ಭಳಿರೇ ಸಾರಥಿ’ ಎಂದು ಶುರು ಮಾಡಿದರೆ ಇಡೀ ಊರು ಕೂತು ಕೇಳುತ್ತಿತ್ತು. ಬೆಳಗಿನ ಜಾವ ತೊಡೆ ಮುರಿದು ಬೀಳುವವನು ಅವನೇ ಎಂದು ಎಲ್ಲರಿಗೂ ಗೊತ್ತು. ಆದರೂ ಅವನ ಮಾತು ಮುಗಿಯುವ ತನಕ ಯಾರೂ ಏಳುತ್ತಿರಲಿಲ್ಲ.

ಒಂದು ಸಂಜೆ ಬೀರುವಿನ ಮೇಲಿನ ಪುಟಗಳನ್ನು ಇಳಿಸಿ ನನ್ನ ಖಳನಿಗೆ ಆ ಮೂರು ಪ್ರಶ್ನೆ ಕೇಳಿದೆ. ದಾರು? ಗೊತ್ತಿಲ್ಲ. ಪಟ್ಟಣ? ಇಲ್ಲ. ಬಂದ ಕಾರಣ? ದುಡ್ಡು. ದುಡ್ಡು ಯಾಕೆ? ಅದಕ್ಕೂ ಅವನ ಹತ್ತಿರ ಉತ್ತರವಿಲ್ಲ. ಹದಿನಾಲ್ಕು ಪುಟವನ್ನೂ ಅವತ್ತೇ ಹರಿದೆ.

ಆಮೇಲೆ ಪ್ರಶ್ನೆ ತಿರುಗಿಸಿದೆ. ನನಗೆ ಗೊತ್ತಿರುವವರಲ್ಲಿ ನೀರಿನ ವಿಷಯದಲ್ಲಿ ಅನ್ಯಾಯ ಮಾಡಿದವರು ಯಾರು? ಉತ್ತರ ಮನೆಯಲ್ಲೇ ಇತ್ತು. ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆ 227 ಕಿಲೋಮೀಟರ್. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆಂದು ಲೆಕ್ಕ ಹಾಕಿದ ಕಾಲುವೆಯ ಮೇಲ್ಭಾಗದಲ್ಲಿ ನಾವೆಲ್ಲ ಭತ್ತ ಹಚ್ಚಿದೆವು. ನಮ್ಮ ದೊಡ್ಡಪ್ಪ ರಾತ್ರಿ ಕಾಲುವೆಗೆ ಮೋಟಾರು ಇಟ್ಟು ನೀರೆತ್ತುತ್ತಾರೆ. ನಮ್ಮ ಅಕ್ಕನನ್ನು ಕೊಟ್ಟದ್ದು ಮಾನ್ವಿ ಕಡೆಯ ಹಳ್ಳಿಗೆ, ಕಾಲುವೆಯ ಕೊನೆ ಭಾಗ. ಅವಳ ಎರಡು ಎಕರೆ ಕಾಳು ಕಟ್ಟುವ ಹೊತ್ತಿಗೆ ಎಷ್ಟೋ ವರ್ಷ ಒಣಗಿ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ದುರ್ಯೋಧನನೂ ನಮ್ಮವನೇ, ಬೆಳೆ ಒಣಗಿದ್ದೂ ನಮ್ಮದೇ.

ಹೊಸ ಕಥೆಯ ನಾಯಕಿ ಕೊನೆ ಭಾಗದ ಹುಡುಗಿ. ಒಣ ಕಾಲುವೆಯ ಕಲ್ಲಿಗೆ ಕಿವಿ ಇಟ್ಟರೆ ನೂರು ಕಿಲೋಮೀಟರ್ ಮೇಲೆ ನೀರು ಎಲ್ಲಿ ಸೋರುತ್ತಿದೆ ಎಂದು ಅವಳಿಗೆ ಕೇಳುತ್ತದೆ. ಆ ಸದ್ದು ಹಿಡಿದು ಹಾರುತ್ತಾಳೆ. ಖಳನ ಮಾತನ್ನು ನಾನು ಕಟ್ಟಬೇಕಾಗಲೇ ಇಲ್ಲ, ದೊಡ್ಡಪ್ಪ ಊಟಕ್ಕೆ ಕೂತಾಗೆಲ್ಲ ಹೇಳುವುದು ಅದನ್ನೇ: “ನಮ್ಮ ಹೊಲ ಕಾಲುವಿ ಮ್ಯಾಗಳ ಬಾಜೂ ಐತಿ ಅಂತ ಅಚ್ಚುಕಟ್ಟಿಗೆ ಸೇರಿಸ್ಲಿಲ್ಲ. ಕಾಲುವಿ ತೋಡಾಕ ನಮ್ಮ ಭೂಮಿ ಬೇಕಿತ್ತು, ನೀರು ಕೊಡಾಕ ನಾವು ಬ್ಯಾಡಾದ್ವಿ. ಕಣ್ಣ ಮುಂದ ಹರಿಯೋ ನೀರು ನೋಡ್ಕೋತ ಮಳಿಗೆ ಕೈ ಮುಗೀಬೇಕೇನು?” ಇದು ನ್ಯಾಯದ ಮಾತು. ಇದನ್ನು ಆಡಿದವನ ಕೈಗೆ ನಾನು ಬಾಂಬು ಕೊಡಲಿಲ್ಲ.

ಕೆಲಸದ ಬಗ್ಗೆ ಒಂದೆರಡು ಮಾತು. ಕನ್ನಡದಲ್ಲಿ ಕಾಮಿಕ್ಸ್ ಮಾಡುವವರು ಮೊದಲು ಅಕ್ಷರ ಬರೆಯಿರಿ, ಆಮೇಲೆ ಅದರ ಸುತ್ತ ಗುಳ್ಳೆ ಎಳೆಯಿರಿ. ಇಂಗ್ಲಿಷಿನ ದೊಡ್ಡಕ್ಷರ ಒಂದೇ ಸಾಲಿನಲ್ಲಿ ಕೂರುತ್ತದೆ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ಸಾಲಿನ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಹೀಗಾಗಿ ದೊಡ್ಡಪ್ಪನ ಮಾತು ಅರ್ಧ ಪುಟ ನುಂಗಿತು. ಕತ್ತರಿಸಲು ಮನಸ್ಸಾಗದೆ, ಮೂರು ಚೌಕದಲ್ಲಿ ಅದೇ ಮುಖವನ್ನು ಹತ್ತಿರ ಹತ್ತಿರ ತಂದು ಹಂಚಿದೆ. ಅಳತೆ ಸರಳ: ಆರು ಎ4 ಹಾಳೆ, ಎರಡೂ ಬದಿ ಝೆರಾಕ್ಸ್, ನಡುವೆ ಮಡಚಿ ಪಿನ್ ಹೊಡೆದರೆ 24 ಪುಟದ ಪುಸ್ತಕ. ನೂರು ಪ್ರತಿ ಮಾಡಿಸಿದೆ. ಬೂದು ಬಣ್ಣ ಝೆರಾಕ್ಸಿನಲ್ಲಿ ಕೊಳೆಯಂತೆ ಕಾಣುತ್ತದೆ, ನೆರಳಿಗೆ ಗೆರೆಗಳನ್ನೇ ಬಳಸಿ.

ಆ ನೂರನ್ನು ಮಾಡಿಸುವ ಮೊದಲು ಒಂದೇ ಒಂದು ಪ್ರತಿ ತೆಗೆಸಿ ಅಕ್ಕನಿಗೆ ಕೊಟ್ಟಿದ್ದೆ. ಅವಳು ಒಲೆಯ ಮುಂದೆ ಕೂತು ಓದಿದಳು, ಒಮ್ಮೆ ಹಿಂದಕ್ಕೆ ತಿರುಗಿಸಿ ಮತ್ತೆ ಓದಿದಳು.

“ತಮ್ಮಾ, ದೊಡ್ಡಪ್ಪಗ ಇಷ್ಟು ಚಂದ ಮಾತು ಬರದಿ. ನಮ್ಮೂರ ಹುಡುಗಿಗೆ ಬರೇ ಹಾರೋದು, ಮೋಟಾರು ಕಿತ್ತು ಒಗಿಯೋದು. ಆಕಿಗೆ ಬಾಯಿ ಇಲ್ಲೇನು?”

ನನಗೆ ಉಸಿರು ಹಿಡಿದಂತಾಯಿತು. ಯಾವುದಕ್ಕೆ ಇಷ್ಟು ವರ್ಷ ಸಿಟ್ಟು ಮಾಡಿಕೊಂಡಿದ್ದೆನೋ ಅದನ್ನೇ ಮಾಡಿದ್ದೆ, ಇನ್ನೊಂದು ತುದಿಯಿಂದ. ಖಳನಿಗೆ ನ್ಯಾಯ ಕೊಡುವ ಭರದಲ್ಲಿ ನಾಯಕಿಯನ್ನು ಮೂಕಿ ಮಾಡಿದ್ದೆ. ಉತ್ತರದ ಜಾಗದಲ್ಲಿ ಮತ್ತೆ ಗುದ್ದು ಇತ್ತು.

“ನೀನಾಗಿದ್ರ ಏನಂತಿದ್ದಿ ಅಕ್ಕಾ?” ಅಂದೆ.

ಅವಳು ರೊಟ್ಟಿ ತಿರುವಿ ಹಾಕುತ್ತಾ ಹೇಳಿದಳು: “ನಿಮಗ ನೀರು ಕೊಡಲಿಲ್ಲ ಅಂದೋರು ಒಬ್ರು, ನೀವು ಕಸಗೊಂಡಿದ್ದು ಇನ್ನೊಬ್ರ ಕಡಿಂದ. ನಕ್ಷಾ ಬರದೋರ ಕಡೆ ಹಗಲೊತ್ತಿನ್ಯಾಗ ಹೋಗಿ ಕೇಳ್ಲಿಲ್ಲ. ನಮ್ಮ ಕಡೆ ರಾತ್ರಿ ಬಂದ್ರಿ.”

ಆ ಮಾತಿಗೆ ನಾನು ಒಂದು ಅಕ್ಷರವನ್ನೂ ಸೇರಿಸಲಿಲ್ಲ. ಊರಿಗೆ ಬಂದು ಕೊನೆಯ ಎಂಟು ಪುಟ ಹೊಸದಾಗಿ ಬರೆದೆ. ಆಗ ನೆನಪಾದದ್ದು 1970ರ ಗ್ರೀನ್ ಲ್ಯಾಂಟರ್ನ್ 76ನೇ ಸಂಚಿಕೆ. ಡೆನ್ನಿ ಓ’ನೀಲ್ ಬರೆದು ನೀಲ್ ಆಡಮ್ಸ್ ಚಿತ್ರಿಸಿದ ಅದರಲ್ಲಿ ಒಬ್ಬ ಕಪ್ಪು ವರ್ಣದ ಮುದುಕ ನಾಯಕನನ್ನು ಕೇಳುತ್ತಾನೆ: ಬೇರೆ ಲೋಕಗಳ ಬಣ್ಣಬಣ್ಣದ ಜನಕ್ಕೆಲ್ಲ ಸಹಾಯ ಮಾಡಿದೆಯಂತೆ, ಕಪ್ಪು ಜನಕ್ಕೆ ಯಾಕೆ ಮಾಡಲಿಲ್ಲ? ನಾಯಕ ತಲೆ ತಗ್ಗಿಸುತ್ತಾನೆ, ಉತ್ತರ ಹೊಳೆಯುವುದಿಲ್ಲ. ನಾನೂ ಅಂಥ ಒಂದು ಚೌಕ ಬಿಟ್ಟೆ. ಹುಡುಗಿ ಅಕ್ಕನ ಮಾತು ಆಡಿದ ಮೇಲೆ ಒಂದು ಇಡೀ ಪುಟದಲ್ಲಿ ಮಾತಿಲ್ಲ. ಕಾಲುವೆಯ ದಂಡೆ, ಕಿತ್ತು ಬಿದ್ದ ಪೈಪು, ಕೂತ ಮುದುಕ, ನಿಂತ ಹುಡುಗಿ, ನಡುವೆ ನೀರು. ಗೋಡೆಗೆ ಎಷ್ಟೋ ದೇವರನ್ನು ಬರೆದಿದ್ದೇನೆ. ಯಾವುದಕ್ಕೂ ಇಷ್ಟು ಕಷ್ಟಪಟ್ಟಿರಲಿಲ್ಲ.

ಮೋಟಾರು ಒಡೆಯುವ ಚಿತ್ರ ತೆಗೆದುಹಾಕಿದ್ದಕ್ಕೆ ಊರಿನ ಹುಡುಗರಿಗೆ ಬೇಸರವಾಯಿತು. ಹೊಡೆದಾಟ ಎಲ್ಲಿ ಅಣ್ಣಾ ಎಂದು ಕೇಳಿದರು. ಅವರಿಗೆ ಹಾರುವ ದೃಶ್ಯಕ್ಕೆ ಇನ್ನೆರಡು ಪುಟ ಕೊಡಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಹಾರುವ ಆನಂದವೂ ಸುಳ್ಳಲ್ಲ.

ದೊಡ್ಡಪ್ಪನಿಗೆ ನಾನಾಗಿ ಕೊಟ್ಟಿರಲಿಲ್ಲ. ಹೆದರಿಕೆ ಇತ್ತು. ಕಟಿಂಗ್ ಅಂಗಡಿಯಲ್ಲಿ ಯಾರೋ ಓದುತ್ತಿದ್ದದ್ದನ್ನು ಅವರೇ ಇಸಿದುಕೊಂಡು ಬಂದರು. ಕಟ್ಟೆಯ ಮೇಲೆ ಕೂತು, ಚಾಳೀಸು ಹಾಕಿಕೊಂಡು, ತಮ್ಮ ಮಾತನ್ನು ದೊಡ್ಡಾಟದ ದನಿಯಲ್ಲಿ ಗಟ್ಟಿಯಾಗಿ ಓದಿದರು. ಹುಡುಗಿಯ ಮಾತು ಬಂದಾಗ ದನಿ ಇಳಿಯಿತು. ಮಾತಿಲ್ಲದ ಪುಟದಲ್ಲಿ ಬಹಳ ಹೊತ್ತು ನಿಂತರು.

“ಮೋಟಾರು ಐದು ಎಚ್‌ಪಿದು ತೆಗದಿ,” ಅಂದರು. “ನಂದು ಹತ್ತು ಎಚ್‌ಪಿದು. ಖರೇದ್ದು ತೆಗಿ.”

ಮೂಲ ಹಾಳೆಯ ಮೇಲೆ ಬಿಳಿ ಬಣ್ಣ ಹಚ್ಚಿ ಮೋಟಾರನ್ನು ದೊಡ್ಡದು ಮಾಡಿದೆ. ಎರಡನೇ ನೂರು ಪ್ರತಿಯಲ್ಲಿ ಅದು ಹತ್ತು ಎಚ್‌ಪಿದೇ ಇದೆ.