ಪಕ್ಷಕ್ಕೆ ಹಣ ಕೊಟ್ಟವರು ಯಾರು? ತಿಳಿಯುವುದು ಹೀಗೆ

ಪಕ್ಷದ ಕಚೇರಿಗೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಫಲವಿಲ್ಲ. ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕು ಕಾಯ್ದೆಗೆ ಒಳಪಟ್ಟ ಸಾರ್ವಜನಿಕ ಪ್ರಾಧಿಕಾರಗಳೇ ಎಂದು ಕೇಂದ್ರ ಮಾಹಿತಿ ಆಯೋಗವು 2013ರ ಜೂನ್ 3ರಂದು ಆದೇಶಿಸಿದರೂ ಪಕ್ಷಗಳು ಅದರಂತೆ ನಡೆದುಕೊಳ್ಳಲಿಲ್ಲ. ಆದ್ದರಿಂದ ಅವು ಚುನಾವಣಾ ಆಯೋಗಕ್ಕೆ ಸಲ್ಲಿಸಲೇಬೇಕಾದ ಕಾಗದಪತ್ರಗಳಿಂದ ಹುಡುಕಾಟ ಆರಂಭಿಸಬೇಕು.

ಮೊದಲು ಆಯೋಗದ ಜಾಲತಾಣದಿಂದ ಒಂದೇ ಆರ್ಥಿಕ ವರ್ಷದ ಎರಡು ಕಡತಗಳನ್ನು ಇಳಿಸಿಕೊಳ್ಳಿ: ನಮೂನೆ 24ಎ ಎಂಬ ದೇಣಿಗೆ ವರದಿ ಮತ್ತು ಲೆಕ್ಕಪರಿಶೋಧನೆಯಾದ ವಾರ್ಷಿಕ ಲೆಕ್ಕಪತ್ರ. ವರ್ಷದಲ್ಲಿ 20,000 ರೂಪಾಯಿಗಿಂತ ಹೆಚ್ಚು ಕೊಟ್ಟವರ ಹೆಸರು, ವಿಳಾಸ, ಮೊತ್ತ, ಪಾವತಿಯ ಬಗೆ 24ಎಯಲ್ಲಿ ಸಾಲುಸಾಲಾಗಿ ಇರುತ್ತವೆ. ಮೊತ್ತಕ್ಕಿಂತ ವಿಳಾಸದ ಕಾಲಂ ಅನ್ನು ನಿಧಾನವಾಗಿ ಓದಿ. ಬೇರೆ ಬೇರೆ ಹೆಸರಿನ ಕಂಪನಿಗಳು ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿದ್ದರೆ ಆ ಸಾಲುಗಳಿಗೆ ಗುರುತು ಹಾಕಿಕೊಳ್ಳಿ. ದಾನಿಯ ಜಾಗದಲ್ಲಿ ಚುನಾವಣಾ ಟ್ರಸ್ಟ್ (ಇತರರಿಂದ ದೇಣಿಗೆ ಪಡೆದು ಪಕ್ಷಗಳಿಗೆ ಹಂಚುವ ಸಂಸ್ಥೆ) ಎಂದಿದ್ದರೆ ಅಲ್ಲಿಗೇ ನಿಲ್ಲಬೇಡಿ. ಆ ಟ್ರಸ್ಟಿಗೆ ಹಣ ಹಾಕಿದವರ ಪಟ್ಟಿಯೂ ಆಯೋಗದ ಬಳಿ ಇರುತ್ತದೆ.

ಮುಂದಿನದು ಕಳೆಯುವ ಲೆಕ್ಕ, ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದೇ. ವಾರ್ಷಿಕ ಲೆಕ್ಕಪತ್ರದಲ್ಲಿರುವ ಸ್ವಯಂಪ್ರೇರಿತ ದೇಣಿಗೆಯ ಒಟ್ಟು ಮೊತ್ತದಿಂದ 24ಎಯ ಮೊತ್ತವನ್ನು ಕಳೆಯಿರಿ. ಉಳಿದದ್ದು ಕೊಟ್ಟವರ ಹೆಸರಿಲ್ಲದ ಹಣ. ಅದು ತಾನಾಗಿಯೇ ಅಕ್ರಮವಲ್ಲ, ಸಣ್ಣ ದೇಣಿಗೆಗಳೂ ಅದರಲ್ಲಿ ಸೇರಿರುತ್ತವೆ. ಆದರೆ ಮತ ಹಾಕುವವನಿಗೆ ಅದರ ಗಾತ್ರವಾದರೂ ಗೊತ್ತಿರಲೇಬೇಕು. ಕೊಟ್ಟವರ ಹೆಸರು ಹೊರಬೀಳದಂತೆ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಕೊಡಬಹುದಾಗಿದ್ದ, 2018ರಿಂದ ಚಾಲ್ತಿಯಲ್ಲಿದ್ದ ಚುನಾವಣಾ ಬಾಂಡಿನ ಹಣವೂ ಆ ವರ್ಷಗಳ ಲೆಕ್ಕದಲ್ಲಿ ಬೆರೆತಿರುವುದನ್ನು ಮರೆಯಬೇಡಿ. ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಆ ಯೋಜನೆಯನ್ನು ರದ್ದುಪಡಿಸಿದ ಬಳಿಕ, 2019ರ ಏಪ್ರಿಲ್ 12ರಿಂದ ಈಚೆಗೆ ಬಾಂಡು ಕೊಂಡವರ ಮತ್ತು ನಗದೀಕರಿಸಿದ ಪಕ್ಷಗಳ ಪಟ್ಟಿಗಳು ಪ್ರಕಟವಾದವು; ಬಾಂಡಿನ ಸಂಖ್ಯೆ ಹಿಡಿದು ಎರಡನ್ನೂ ತಾಳೆ ನೋಡಬಹುದು.

ನಿಮ್ಮದೇ ಕ್ಷೇತ್ರದ ಖರ್ಚು ಬೇಕಿದ್ದರೆ ಜಿಲ್ಲಾ ಚುನಾವಣಾಧಿಕಾರಿಯ ಕಚೇರಿಗೆ ಹೋಗಿ. ಫಲಿತಾಂಶ ಬಂದ 30 ದಿನಗಳೊಳಗೆ ಪ್ರತಿ ಅಭ್ಯರ್ಥಿಯೂ ಅಲ್ಲಿ ಲೆಕ್ಕ ಒಪ್ಪಿಸಬೇಕು, 1961ರ ಚುನಾವಣಾ ನಿಯಮಗಳ ಪ್ರಕಾರ ಒಂದು ರೂಪಾಯಿ ಶುಲ್ಕ ಕಟ್ಟಿದ ಯಾರೇ ಆದರೂ ಅದನ್ನು ನೋಡಬಹುದು. ಅಭ್ಯರ್ಥಿಯ ಖರ್ಚಿಗೆ ಮಿತಿಯುಂಟು, ಪಕ್ಷದ ಖರ್ಚಿಗಿಲ್ಲ. ಹಾಗಾಗಿ ವಿಧಾನಸಭಾ ಚುನಾವಣೆ ಮುಗಿದ 75 ದಿನಗಳೊಳಗೆ ಪಕ್ಷ ಸಲ್ಲಿಸಬೇಕಾದ ಖರ್ಚಿನ ವಿವರವನ್ನೂ ಜೊತೆಗಿಟ್ಟುಕೊಂಡೇ ಓದಬೇಕು.

ಕಡತ ಜಾಲತಾಣದಲ್ಲಿ ಸಿಗದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಚುನಾವಣಾ ಆಯೋಗಕ್ಕೆ ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸಿ. ಪಕ್ಷದ ಹೆಸರು, ಆರ್ಥಿಕ ವರ್ಷ, ನಮೂನೆಯ ಸಂಖ್ಯೆ ಬರೆದು, ಅದು ಆಯೋಗಕ್ಕೆ ತಲುಪಿದ ದಿನಾಂಕವನ್ನೂ ಕೇಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿಗೆ ಅವಕಾಶವಿದೆ.