ವಾಡಿ ಬಂದಾಗ ಕೆಳಗಿಡಬಹುದಾದ ಆಟಗಳು

ನಾನು ದಿನಾ ಕಲಬುರಗಿಯಿಂದ ಯಾದಗಿರಿಗೆ ಓಡಾಡುವವನು. ಬೆಳಿಗ್ಗೆ ಒಂದು ರೈಲು, ಸಂಜೆ ಒಂದು ರೈಲು. ಶಹಾಬಾದ, ವಾಡಿ, ನಾಲವಾರ ದಾಟಿ ಊರು ಮುಟ್ಟಲು ಒಂದು ತಾಸಿನ ಮೇಲೆ ಬೇಕು. ಸಿಗ್ನಲ್ ಸಿಗದಿದ್ದರೆ ಇನ್ನೂ ಜಾಸ್ತಿ. ಮೂರು ವರ್ಷದಿಂದ ನನ್ನ ಬ್ಯಾಗಿನಲ್ಲಿ ಬುತ್ತಿ ಡಬ್ಬಿಯ ಪಕ್ಕ ಒಂದು ನಿಂಟೆಂಡೊ ಸ್ವಿಚ್ ಇದೆ, ಕೈಯಲ್ಲಿ ಹಿಡಿದೋ ಟಿವಿಗೆ ಜೋಡಿಸಿಯೋ ವಿಡಿಯೋ ಗೇಮ್ ಆಡುವ ಯಂತ್ರ. ಹೊಸದಾಗಿ ಕೊಂಡವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ: ಯಾವ ಆಟ ತಗೊಳ್ಳಲಿ?

ನಾನು ತಿರುಗಿ ಕೇಳುತ್ತೇನೆ: ಎಲ್ಲಿ ಕೂತು ಆಡುತ್ತೀರಿ? ಮನೆಯಲ್ಲಿ ಟಿವಿ ಮುಂದೆ ಕೂತವರನ್ನು ಯಾರೂ ಎಬ್ಬಿಸುವುದಿಲ್ಲ. ಕೈಯಲ್ಲಿ ಹಿಡಿದು ಆಡುವವರ ಕತೆ ಬೇರೆ. ಟಿಸಿ ಬರುತ್ತಾರೆ. ಪಕ್ಕದವರು 'ಜರಾ ಸರೀರಿ' ಎನ್ನುತ್ತಾರೆ. ವಾಡಿಯಲ್ಲಿ ಜನ ನುಗ್ಗುತ್ತಾರೆ. ಪವರ್ ಬಟನ್ ಒಮ್ಮೆ ಒತ್ತಿದರೆ ಸ್ವಿಚ್ ಮಲಗುತ್ತದೆ, ಮತ್ತೆ ಒತ್ತಿದರೆ ನಿಂತಲ್ಲಿಂದಲೇ ಶುರು. ಆದರೆ ಯಂತ್ರಕ್ಕೆ ನೆನಪಿರುವುದು ನಮ್ಮ ತಲೆಯಲ್ಲಿ ಇರುವುದಿಲ್ಲ. ಸಂಜೆ ತೆರೆದಾಗ 'ನಾನು ಏನು ಮಾಡುತ್ತಿದ್ದೆ' ಎಂದು ಹತ್ತು ನಿಮಿಷ ಹುಡುಕಬೇಕಾದ ಆಟ ರೈಲಿಗೆ ಆಗಿಬರುವುದಿಲ್ಲ. ಥಟ್ಟನೆ ಕೆಳಗಿಡಲು ಬರಬೇಕು, ಥಟ್ಟನೆ ಎತ್ತಿಕೊಳ್ಳಲೂ ಬರಬೇಕು. ನಾನು ಆಟ ಆರಿಸುವುದು ಇದರ ಮೇಲೆಯೇ.

ಈ ಲೆಕ್ಕದಲ್ಲಿ ನನ್ನ ಮೊದಲ ಹೆಸರು 'ಇನ್‌ಟು ದ ಬ್ರೀಚ್'. 2018ರ ಆಟ. ಎಂಟು ಅಡ್ಡ, ಎಂಟು ಉದ್ದದ ಮನೆಗಳ ಹಲಗೆ, ಥೇಟ್ ಚದುರಂಗದಷ್ಟೇ. ನಿಮ್ಮ ಕೈಯಲ್ಲಿ ಮೂರು ದೊಡ್ಡ ಯಂತ್ರಗಳು. ನೆಲದಡಿಯಿಂದ ದೈತ್ಯ ಹುಳುಗಳು ಎದ್ದು ಬರುತ್ತವೆ, ಊರಿನ ಕಟ್ಟಡಗಳನ್ನು ಕೆಡವಲು ನೋಡುತ್ತವೆ. ಕಟ್ಟಡ ಬಿದ್ದಂತೆ ಕರೆಂಟ್ ಕಮ್ಮಿಯಾಗುತ್ತದೆ. ಕರೆಂಟ್ ಪೂರಾ ಹೋದರೆ ಆಟ ಮುಗಿಯಿತು. ಇದರ ಚೆಂದ ಏನೆಂದರೆ, ಹುಳು ಯಾರಿಗೆ ಹೊಡೆಯುತ್ತದೆ ಎಂದು ಮೊದಲೇ ತೋರಿಸುತ್ತದೆ. ಮುಚ್ಚುಮರೆ ಇಲ್ಲ. ನೀವು ಎಷ್ಟು ಹೊತ್ತು ಯೋಚಿಸಿದರೂ ಅದು ಕಾಯುತ್ತದೆ.

ಒಂದು ಸಂಜೆ ನೆನಪಿದೆ. ಕೊನೆಯ ಸರದಿ, ಕರೆಂಟ್ ಒಂದೇ ಒಂದು ಗೆರೆ ಉಳಿದಿತ್ತು. ಒಂದು ಹುಳು ಕಟ್ಟಡಕ್ಕೆ ಗುರಿಯಿಟ್ಟು ನಿಂತಿದೆ. ಅದನ್ನು ಕೊಲ್ಲುವಷ್ಟು ಬಲ ನನ್ನ ಯಾವ ಯಂತ್ರಕ್ಕೂ ಇರಲಿಲ್ಲ. ಅಷ್ಟರಲ್ಲಿ ವಾಡಿ ಬಂತು. ಬಟನ್ ಒತ್ತಿ ಸ್ವಿಚ್ಚನ್ನು ತೊಡೆಯ ಮೇಲಿಟ್ಟು, ಒಬ್ಬ ಅಜ್ಜನ ಗಂಟು ಮೇಲೆತ್ತಿ ಕೊಟ್ಟೆ. ಸಿಮೆಂಟ್ ಫ್ಯಾಕ್ಟರಿ ದಾಟಿದ ಮೇಲೆ ಮತ್ತೆ ತೆರೆದೆ. ಆಗ ಹೊಳೆಯಿತು: ಕೊಲ್ಲಬೇಕಾಗಿಲ್ಲ, ಒಂದು ಮನೆ ಪಕ್ಕಕ್ಕೆ ತಳ್ಳಿದರೆ ಸಾಕು. ಗುದ್ದುವ ಯಂತ್ರದಿಂದ ಒಂದು ಗುದ್ದು. ಹುಳು ಪಕ್ಕಕ್ಕೆ ಸರಿಯಿತು, ಅದರ ಗುರಿಯೂ ಸರಿಯಿತು, ಅದರ ಏಟು ಇನ್ನೊಂದು ಹುಳುವಿಗೇ ಬಿತ್ತು. ಆ ಖುಷಿಯನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಯಾರಾದರೂ ಬೇಕಿತ್ತು. ಶುರು ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಹೊಡೆಯುವ ಮೊದಲು ತಳ್ಳಲು ಬರುತ್ತದಾ ನೋಡಿ.

ಎರಡನೆಯದು 'ಸ್ಟಾರ್‌ಡ್ಯೂ ವ್ಯಾಲಿ'. ಎರಿಕ್ ಬರೋನ್ ಎಂಬಾತ ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಒಬ್ಬನೇ ಮಾಡಿ 2016ರಲ್ಲಿ ಹೊರತಂದ ಆಟ. ಅಜ್ಜ ಬಿಟ್ಟುಹೋದ ಹೊಲ, ಕೈಯಲ್ಲಿ ಪಾರ್ಸ್‌ನಿಪ್ ಎಂಬ ಗಜ್ಜರಿಯಂಥ ಗಡ್ಡೆಯ 15 ಬೀಜ, ಅಲ್ಲಿಂದ ಶುರು. ನಮ್ಮ ಮನೆತನ ಸೇಡಂ ಕಡೆ ತೊಗರಿ ಬೆಳೆಯುವವರದು, ಅದಕ್ಕೇ ಇರಬೇಕು, ಇದು ನನಗೆ ಬೇಗ ಹತ್ತಿತು. ಆಟದ ಒಂದು ದಿನ ನಮ್ಮ ಸುಮಾರು 14 ನಿಮಿಷ. ಶಹಾಬಾದದಿಂದ ವಾಡಿಗೆ ಒಂದು ದಿನ ಮುಗಿಸಬಹುದು. ಒಂದು ಎಚ್ಚರಿಕೆ: ಆಟದ ರೈತ ಮಲಗಿದಾಗ ಮಾತ್ರ ಸೇವ್ ಆಗುತ್ತದೆ. ನಡು ದಿನದಲ್ಲಿ ಬ್ಯಾಟರಿ ಸತ್ತರೆ ಆ ದಿನದ ಕೆಲಸವೆಲ್ಲ ಹೋಯಿತು. ಹೊರಡುವ ಮೊದಲು ಚಾರ್ಜ್ ನೋಡಿಕೊಳ್ಳಿ.

ಇದರಲ್ಲಿ ಒಂದು ಋತುವಿಗೆ 28 ದಿನ. ಋತು ಮುಗಿದ ಮರುದಿನ ಹಳೇ ಬೆಳೆ ಒಣಗಿ ಹೋಗುತ್ತದೆ. ಹೂಕೋಸಿಗೆ 12 ದಿನ ಬೇಕು. ಅಂದರೆ ವಸಂತದ 16ನೇ ತಾರೀಖಿನ ನಂತರ ಬಿತ್ತಿದರೆ ಬೆಳೆ ಬೇಗ ಬರಿಸುವ ಗೊಬ್ಬರ ಹಾಕದೆ ಕೈಗೆ ಹತ್ತುವುದಿಲ್ಲ. ಅಣ್ಣನಿಗೆ ತೋರಿಸಿದಾಗ 'ಹದ ತಪ್ಪಿದ್ರ ಇಲ್ಲೂ ಹಂಗೇ ಅಲ್ಲೇನು' ಎಂದ. ಇನ್ನೊಂದು ಮಾತು ಹೊಸಬರಿಗೆ: ನೀರು ಹಾಕುವ ಡಬ್ಬಿಯನ್ನು ದೊಡ್ಡದು ಮಾಡಿಸಲು ಕಮ್ಮಾರನಿಗೆ ಕೊಟ್ಟರೆ ಎರಡು ದಿನ ಸಿಗುವುದಿಲ್ಲ, ಅಷ್ಟು ದಿನ ನೀರಿಲ್ಲದೆ ಪೈರು ಬೆಳೆಯದೆ ನಿಲ್ಲುತ್ತದೆ. ದಿನಾ ಬೆಳಿಗ್ಗೆ ಆಟದೊಳಗಿನ ಟಿವಿಯಲ್ಲಿ ಹವಾಮಾನ ನೋಡಿ. ನಾಳೆ ಮಳೆ ಎಂದರೆ ಇವತ್ತಿನ ನೀರು ಹಾಕಿ ಮುಗಿಸಿ, ಆಮೇಲೆ ಡಬ್ಬಿ ಕೊಡಿ. ನಾಳೆಯ ನೀರು ಮಳೆಯದು, ನಾಡಿದ್ದು ಬೆಳಿಗ್ಗೆ ಡಬ್ಬಿ ವಾಪಸ್.

ಇನ್ನು 'ಹೇಡಿಸ್'. ಓಡಿ ಹೊಡೆದಾಡುವ ಆಟ ಬೇಕು ಅನ್ನುವವರಿಗೆ ಇದು. ಒಂದು ಸುತ್ತು ಮುಗಿಯಲು ಅರ್ಧ ತಾಸು ಹಿಡಿಯಿರಿ. ಸತ್ತರೆ ಮನೆಗೆ ವಾಪಸ್, ಅಲ್ಲಿ ಕತೆ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಸೋತದ್ದು ದಂಡ ಅನ್ನಿಸುವುದೇ ಇಲ್ಲ.

'ಸೆಲೆಸ್ಟ್' ನನಗೆ ಬಹಳ ಇಷ್ಟ, ಆದರೆ ಅದನ್ನು ರೈಲಿನಲ್ಲಿ ಆಡುವುದು ಬಿಟ್ಟೆ. ಕೂದಲೆಳೆಯ ಜಿಗಿತಗಳು, ಹಳಿ ಬದಲಾಗುವಾಗ ಡಬ್ಬಿ ಅಲ್ಲಾಡಿದರೆ ಬೆರಳು ತಪ್ಪುತ್ತದೆ. ಮನೆಯಲ್ಲಿ ಆಡಿ. ಕಷ್ಟ ಅನ್ನಿಸಿದರೆ ಅಸಿಸ್ಟ್ ಮೋಡ್ ಹಾಕಿ ವೇಗವನ್ನು ಅರ್ಧದವರೆಗೂ ಇಳಿಸಬಹುದು. ಅದರಲ್ಲಿ ನಾಚಿಕೆ ಏನೂ ಇಲ್ಲ. ಮಾಡಿದವರೇ ಇಟ್ಟ ದಾರಿ ಅದು. 'ಹಾಲೋ ನೈಟ್' ಕೂಡ ಭಾನುವಾರದ ಆಟ. ದಾರಿ ನೆನಪಿಟ್ಟುಕೊಳ್ಳಬೇಕು. ಎರಡು ದಿನ ಬಿಟ್ಟರೆ ಎಲ್ಲಿದ್ದೆ ಎಂದೇ ಗೊತ್ತಾಗುವುದಿಲ್ಲ. ಜೆಲ್ಡಾ 'ಬ್ರೆತ್ ಆಫ್ ದ ವೈಲ್ಡ್' ದೊಡ್ಡ ಲೋಕ, ಆದರೆ ಅದರಲ್ಲಿ 120 ಸಣ್ಣ ಗುಡಿಗಳಿವೆ, ಹೆಚ್ಚಿನವು ಒಂದೊಂದು ಒಗಟು. ದಿನಕ್ಕೊಂದು ಗುಡಿ ಎಂದು ಇಟ್ಟುಕೊಂಡರೆ ರೈಲಿಗೂ ನಡೆಯುತ್ತದೆ. ಗುಡುಗು ಶುರುವಾದಾಗ ಕಬ್ಬಿಣದ ಕತ್ತಿ, ಗುರಾಣಿ ಕಳಚಿಡಿ, ಇಲ್ಲದಿದ್ದರೆ ಸಿಡಿಲು ನಿಮ್ಮ ಮೇಲೇ.

ಮಕ್ಕಳಿರುವ ಮನೆಗೆ 'ಮಾರಿಯೋ ಕಾರ್ಟ್ 8 ಡೀಲಕ್ಸ್'. ಎರಡು ಬದಿಯ ಹಿಡಿಕೆಗಳನ್ನು (ಜಾಯ್‌ಕಾನ್) ಬಿಚ್ಚಿ ಮಗಳಿಗೊಂದು, ಅಣ್ಣನ ಮಗನಿಗೊಂದು ಕೊಟ್ಟರೆ ಮುಗಿಯಿತು. ಚಿಕ್ಕವರಿಗೆ ಸ್ಮಾರ್ಟ್ ಸ್ಟೀರಿಂಗ್ ಹಾಕಿಕೊಡಿ, ಗಾಡಿ ರಸ್ತೆ ಬಿಟ್ಟು ಬೀಳುವುದಿಲ್ಲ. ನಮ್ಮ ಹುಡುಗ ಒಂದೇ ವಾರದಲ್ಲಿ 'ಕಾಕಾ, ಅದನ್ನ ತೆಗೀರಿ, ನನಗ ನಾನೇ ಹೊಡಿಲಿಕ್ಕಿ ಬರ್ತದ' ಎಂದ. ಆದರೆ ಸ್ವಿಚ್ ಲೈಟ್ ಎಂಬ ಸಣ್ಣ ಮಾದರಿ ಕೊಳ್ಳುವವರು ನೆನಪಿಡಿ: ಅದರ ಹಿಡಿಕೆ ಬಿಚ್ಚಲು ಬರುವುದಿಲ್ಲ, ಟಿವಿಗೂ ಜೋಡಿಸಲಾಗದು. ಒಬ್ಬರೇ ಆಡುವುದಾದರೆ ಮಾತ್ರ ಅದು ಸರಿ.

ಕೊಳ್ಳುವ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ನಾನು ಕೊಂಡಾಗ ನಿಂಟೆಂಡೊದವರು ಭಾರತದಲ್ಲಿ ನೇರವಾಗಿ ಮಾರುತ್ತಿರಲಿಲ್ಲ, ಆನ್‌ಲೈನ್ ಅಂಗಡಿಯಲ್ಲೂ ಭಾರತ ಇರಲಿಲ್ಲ. ಬೇರೆ ದೇಶದ ಹೆಸರಲ್ಲಿ ಖಾತೆ ತೆರೆಯಬೇಕಿತ್ತು. ನಾನು ಅಮೆರಿಕ ಎಂದು ಹಾಕಿದ್ದೆ. ಒಬ್ಬ ಮಾರಾಟಗಾರನಿಂದ ಎರಡೂವರೆ ಸಾವಿರ ಕೊಟ್ಟು, ಖಾತೆಗೆ ದುಡ್ಡು ತುಂಬುವ ಪ್ರೀಪೇಯ್ಡ್ ಕೋಡ್ ತಗೊಂಡೆ. ಅದು ಬೇರೆ ದೇಶದ್ದು. ಖಾತೆಗೆ ಹತ್ತಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಕೋಡ್ ಯಾವ ದೇಶದ್ದೋ ಖಾತೆಯೂ ಅದೇ ದೇಶದ್ದಾಗಿರಬೇಕು. ಕಾರ್ಟ್ರಿಜ್‌ಗೆ (ಯಂತ್ರಕ್ಕೆ ತೂರಿಸುವ, ಆಟ ಇರುವ ಸಣ್ಣ ಕಾರ್ಡ್) ಈ ತೊಂದರೆ ಇಲ್ಲ, ಚೀನಾದ್ದನ್ನು ಬಿಟ್ಟು ಯಾವ ದೇಶದ್ದಾದರೂ ನಡೆಯುತ್ತದೆ, ಆಡಿದ ಮೇಲೆ ಮಾರಲೂಬಹುದು. ಅದಕ್ಕೇ ಮಾರಿಯೋ, ಜೆಲ್ಡಾ ಕಾರ್ಟ್ರಿಜ್‌ನಲ್ಲಿ ತಗೊಳ್ಳುತ್ತೇನೆ. ಸಣ್ಣ ಆಟಗಳನ್ನು ರಿಯಾಯಿತಿ ಬಂದಾಗ ಡೌನ್‌ಲೋಡ್ ಮಾಡುತ್ತೇನೆ. ಹೆಸರಿನ ಕೊನೆಗೆ 'ಕ್ಲೌಡ್ ವರ್ಷನ್' ಎಂದಿದ್ದರೆ ಮುಟ್ಟಬೇಡಿ. ಅದಕ್ಕೆ ಸದಾ ನೆಟ್ ಬೇಕು, ನಾಲವಾರದ ಆಚೆ ನನ್ನ ಫೋನಿನಲ್ಲಿ ನೆಟ್ ನಿಲ್ಲುವುದಿಲ್ಲ.

ಸ್ಟೀಮ್ ಡೆಕ್ (ಇದೂ ಕೈಯಲ್ಲಿ ಹಿಡಿದು ಆಡುವ ಯಂತ್ರ, ಬೇರೆ ಕಂಪನಿಯದು) ಇರುವವರಿಗೆ ನಾನು ಇಲ್ಲಿ ಹೇಳಿದವುಗಳಲ್ಲಿ ನಿಂಟೆಂಡೊದ ಸ್ವಂತ ಆಟಗಳನ್ನು ಬಿಟ್ಟು ಉಳಿದವೆಲ್ಲ ಸಿಗುತ್ತವೆ, ಬೆಲೆಯೂ ರೂಪಾಯಿಯಲ್ಲೇ.

ಬಿಸಿಲಿನ ಮಾತು ಹೇಳಲೇಬೇಕು. ಸ್ವಿಚ್ ಬಳಸಲು ಕಂಪನಿಯವರು ಹೇಳುವ ಉಷ್ಣಾಂಶ 5ರಿಂದ 35 ಡಿಗ್ರಿ. ನಮ್ಮ ಮೇ ತಿಂಗಳು 40 ದಾಟುತ್ತದೆ. ಆ ದಿನಗಳಲ್ಲಿ ಮಧ್ಯಾಹ್ನ ನಾನು ಅದನ್ನು ತೆಗೆಯುವುದಿಲ್ಲ, ಕಿಟಕಿ ಬದಿ ಇಡುವುದಿಲ್ಲ, ಚಾರ್ಜಿಗೆ ಹಾಕಿಕೊಂಡು ಆಡುವುದಂತೂ ಇಲ್ಲವೇ ಇಲ್ಲ. ಆ ಕಾಲಕ್ಕೆ ಬೆಳಗಿನ ರೈಲಷ್ಟೇ ನನ್ನದು.

ಕೊನೆಗೆ ಒಂದು ಸಣ್ಣ ಆಟ, 'ವೆಂಬಾ'. 2023ರಲ್ಲಿ ಬಂತು. ಕೆನಡಾಕ್ಕೆ ಹೋದ ಒಂದು ತಮಿಳು ಕುಟುಂಬದ ಕತೆ. ತಾಯಿಯ ಅಡುಗೆ ಪುಸ್ತಕ ಹರಿದಿದೆ, ಅಳಿಸಿಹೋಗಿದೆ, ಉಳಿದ ಚಿತ್ರ ನೋಡಿ ಅಡುಗೆ ಮಾಡಬೇಕು. ಮೊದಲ ಅಡುಗೆ ಇಡ್ಲಿ. ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಜೋಡಿಸಬೇಕು ಎಂಬಲ್ಲಿ ನಾನು ಸಿಕ್ಕಿಕೊಂಡೆ. ಅವ್ವ ಪಕ್ಕದಲ್ಲಿ ತೊಗರಿ ಬೇಳೆ ಆರಿಸುತ್ತಾ ಕೂತಿದ್ದಳು. ಕನ್ನಡಕ ಏರಿಸಿ ಒಮ್ಮೆ ನೋಡಿ, 'ಮ್ಯಾಲಿನ ಇಡ್ಲಿ ಕೆಳಗಿನದರ ನೆತ್ತಿ ಮ್ಯಾಲ ಬರಬಾರ್ದಪಾ, ಒಂದೀಟು ತಿರುವಿಡು' ಎಂದಳು. ತಿರುವಿಟ್ಟೆ. ಆಟ ಮುಂದೆ ಹೋಯಿತು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಅವ್ವ ಒಳಗೆ ಹೋದಳು, ನಾನೂ ಕೆಳಗಿಟ್ಟೆ.

ಮರುದಿನ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದಳು: 'ಆ ಇಡ್ಲಿ ಹೆಣ್ಣಮಗಳದು ಮುಂದೇನಾತು?' ಚಹಾ ಕುಡಿದು ಇಬ್ಬರೂ ಕೂತು ಪೂರಾ ಮುಗಿಸಿದೆವು.